ಬೆಂಗಳೂರಿಗೆ ಬಡವರು, ಓಣಿಗೆ ಒಡೆಯರು

ಕಲಬುರಗಿಯ ಯಾವುದಾದರೂ ಚಹಾದಂಗಡಿಯಲ್ಲಿ ಕುಳಿತು 'ನಮ್ಮ ಭಾಗ ಯಾಕೆ ಹಿಂದೆ ಬಿತ್ತು' ಎಂದು ಕೇಳಿ ನೋಡಿ. ಸಮಾಜಶಾಸ್ತ್ರ ಓದದವರೂ ಅಚ್ಚುಕಟ್ಟಾಗಿ ಸಮಾಜಶಾಸ್ತ್ರ ಹೇಳುತ್ತಾರೆ. ಮೈಸೂರಿನವರಿಗೆ 1902ರಲ್ಲೇ ಶಿವನಸಮುದ್ರದ ಕರೆಂಟು ಬಂತು, 1916ರಲ್ಲಿ ವಿಶ್ವವಿದ್ಯಾಲಯ ಬಂತು. ನಮಗೆ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ದೇಶಕ್ಕೆಲ್ಲ 1947ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಬಂದರೆ ನಾವು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಕೈಕೆಳಗೇ ಇದ್ದೆವು. ಕಚೇರಿ ಉರ್ದುವಿನಲ್ಲಿ, ಮನೆಮಾತು ಕನ್ನಡದಲ್ಲಿ. 1956ರಲ್ಲಿ ರಾಜ್ಯ ಒಂದಾದಾಗ ಓಟದ ಅರ್ಧ ದಾರಿ ಮುಗಿಸಿದವರ ಜೊತೆಗೆ ನಮ್ಮನ್ನು ನಿಲ್ಲಿಸಿದರು. ಹೀಗೆ ಸಾಗುತ್ತದೆ ಮಾತು. 'ನಾವು ಸೋಮಾರಿಗಳು, ಅದಕ್ಕೇ ಹಿಂದುಳಿದೆವು' ಎಂದು ಒಬ್ಬನೂ ಹೇಳುವುದಿಲ್ಲ. ಹೇಳಲೂಬಾರದು, ಏಕೆಂದರೆ ಅದು ಸುಳ್ಳು.

ಈ ವಾದಕ್ಕೆ ಸರ್ಕಾರದ ಮೊಹರೂ ಬಿದ್ದಿದೆ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ನಮ್ಮ ವಿಭಾಗದವೇ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬಡಿದಾಡಿದ ಮೇಲೆ ಸಂಸತ್ತು 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು 371ಜೆ ವಿಧಿಯನ್ನು ಸೇರಿಸಿತು. ಈಗ ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿಯವರಿಗೆ, ರಾಜ್ಯದ ಉಳಿದ ಕಡೆ ಶೇ 8. ಇಲ್ಲಿಯ ಸರ್ಕಾರಿ ನೌಕರಿಯಲ್ಲಿ ದರ್ಜೆಗೆ ತಕ್ಕಂತೆ ಶೇ 75ರಿಂದ 85. ಈ ಕೋಟಾದಲ್ಲಿ ಮಗನಿಗೆ ಮೆಡಿಕಲ್ ಸೀಟು ಸಿಕ್ಕಿತೆಂದು ಪೇಡೆ ಹಂಚುವ ಮನೆಯಲ್ಲಿ ಮೆರಿಟ್ ಎಂಬ ಪದ ಯಾರ ಬಾಯಲ್ಲೂ ಬರುವುದಿಲ್ಲ. ಬೆಂಗಳೂರಿನ ಹುಡುಗ ನಾಲ್ಕು ಅಂಕ ಹೆಚ್ಚು ತೆಗೆದಿದ್ದರೆ ಅದಕ್ಕೆ ಕಾರಣವಿದೆ ಎಂದು ಆ ಮನೆಗೆ ಚೆನ್ನಾಗಿ ಗೊತ್ತು: ಅವನಿಗೆ ಕೋಚಿಂಗ್ ಇತ್ತು, ಇಂಗ್ಲಿಷ್ ಇತ್ತು, ಓದಿದ ಅಪ್ಪ ಅಮ್ಮ ಇದ್ದರು.

ಈಗ ಅದೇ ಚಹಾದಂಗಡಿಯಲ್ಲಿ, ಅದೇ ಜನಕ್ಕೆ ಎರಡನೆಯ ಪ್ರಶ್ನೆ ಹಾಕಿ. ನಿಮ್ಮೂರಿನ ಕೇರಿ ಇನ್ನೂ ಊರ ಹೊರಗೇ ಯಾಕಿದೆ? ನಿಮ್ಮ ಹೊಲದಲ್ಲಿ ತೊಗರಿ ಕೊಯ್ದವನ ಮೊಮ್ಮಗ ಇಂದಿಗೂ ನಿಮ್ಮ ಹೊಲದಲ್ಲೇ ತೊಗರಿ ಯಾಕೆ ಕೊಯ್ಯುತ್ತಿದ್ದಾನೆ? ಇತಿಹಾಸವೆಲ್ಲ ಒಮ್ಮೆಲೇ ಮಾಯವಾಗುತ್ತದೆ. 'ಅವರು ಓದೋದಿಲ್ರೀ.' 'ರೊಕ್ಕ ಬಂದ್ರ ಕುಡೀತಾರ.' 'ಸರ್ಕಾರ ಎಲ್ಲಾ ಕೊಟ್ಟದ, ಇನ್ನೇನ್ ಕೊಡಬೇಕು?' ಐದು ನಿಮಿಷದ ಹಿಂದೆ ಶಿವನಸಮುದ್ರದಿಂದ ಲೆಕ್ಕ ಶುರುಮಾಡಿದವರು ಈಗ ನಡತೆಯಿಂದ ಶುರುಮಾಡುತ್ತಾರೆ. ವ್ಯವಸ್ಥೆಯ ಅನ್ಯಾಯ ಎಂದರೇನು ಎಂಬುದು ನಮಗೆ ತಿಳಿಯದ ವಿಷಯವೇನಲ್ಲ. ದಕ್ಷಿಣಕ್ಕೆ ಮುಖಮಾಡಿ ನಿಂತಾಗ ಅದು ಸ್ವಚ್ಛವಾಗಿ ಕಾಣುತ್ತದೆ. ಊರ ಕಡೆ ತಿರುಗಿದರೆ ಕಾಣುವುದಿಲ್ಲ. ಅಮೆರಿಕದಲ್ಲಿ ಬಿಳಿಯರಿಗೆ ಹುಟ್ಟಿನಿಂದಲೇ ಸಿಗುವ ಸವಲತ್ತಿನ ಬಗ್ಗೆ ನಡೆಯುತ್ತಿರುವ ದೊಡ್ಡ ವಾಗ್ವಾದವನ್ನು ಕಲಬುರಗಿಯಲ್ಲಿ ಕುಳಿತು ಓದುವಾಗ ನನಗೆ ಮತ್ತೆ ಮತ್ತೆ ಅನ್ನಿಸುವುದು ಇದೇ.

ಅಲ್ಲಿ ಈ ಮಾತಿಗೆ ಚಾಲ್ತಿ ಕೊಟ್ಟವರಲ್ಲಿ ಪೆಗ್ಗಿ ಮೆಕಿಂಟಾಶ್ ಒಬ್ಬರು, ವೆಲ್ಸ್‌ಲಿ ಕಾಲೇಜಿನವರು, ಸ್ವತಃ ಬಿಳಿಯರು. 1988ರಲ್ಲಿ ಅವರು ತಮಗೆ ದಿನನಿತ್ಯ ಕೇಳದೆಯೇ ದಕ್ಕುವ ಅನುಕೂಲಗಳನ್ನು ಒಂದೊಂದಾಗಿ ಬರೆಯುತ್ತ ಹೋದರು. ಅಂಗಡಿಯಲ್ಲಿ ಕಾವಲಿನವನು ಹಿಂಬಾಲಿಸುವುದಿಲ್ಲ, ಕೈಯಲ್ಲಿ ದುಡ್ಡಿದ್ದರೆ ಬೇಕಾದ ಕಡೆ ಮನೆ ಸಿಗುತ್ತದೆ, ಇಂಥವು. ಸಣ್ಣ ಸಣ್ಣ ಸಂಗತಿಗಳು. ಆದರೆ ಶಹಾಬಾದ್ ಕಲ್ಲಿನ ದಪ್ಪ ಗೋಡೆಯ ಮನೆಯೊಳಗೆ ಕುಳಿತವನಿಗೆ ಮೇ ತಿಂಗಳ ಬಿಸಿಲು ಬರೀ ಸುದ್ದಿಯಾಗಿರುತ್ತದೆ. ಗೋಡೆ ಕಟ್ಟಿದ್ದು ಅಜ್ಜ. ತಂಪು ಮಾತ್ರ ತನ್ನ ಮೈಯದೇ ಗುಣ ಎಂದು ಮೊಮ್ಮಗ ನಂಬಿರುತ್ತಾನೆ.

ಆ ಗೋಡೆಯನ್ನು ಅಮೆರಿಕದಲ್ಲಿ ಹೇಗೆ ಕಟ್ಟಿದರು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಗುಲಾಮಗಿರಿಯ ಕಥೆ ಎಲ್ಲರಿಗೂ ಗೊತ್ತು, ಅದು ಕಾನೂನಿನಲ್ಲಿ ಮುಗಿದದ್ದು 1865ರಲ್ಲಿ. ನನ್ನ ಕುತೂಹಲ ಅದರ ನಂತರದ, ಕಾಗದದ ಮೇಲೆ ನಡೆದ ಕೆಲಸದ್ದು. 1930ರ ದಶಕದಲ್ಲಿ ಅಲ್ಲಿಯ ಸರ್ಕಾರಿ ಸಂಸ್ಥೆಯೊಂದು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿ, ಯಾವ ಬಡಾವಣೆಗೆ ಗೃಹಸಾಲ ಕೊಡುವುದು ಸುರಕ್ಷಿತ, ಯಾವುದಕ್ಕೆ ಅಪಾಯ ಎಂದು ಬಣ್ಣ ಹಚ್ಚಿತು. ಕಪ್ಪು ಜನರಿದ್ದ ಕಡೆ ಕೆಂಪು. ಕೆಂಪು ಬಿದ್ದ ಕಡೆ ಸಾಲ ಹುಟ್ಟಲಿಲ್ಲ. 1944ರಲ್ಲಿ ಯುದ್ಧದಿಂದ ಮರಳುವ ಸೈನಿಕರಿಗೆ ಮನೆ, ವ್ಯಾಪಾರ, ಬೇಸಾಯಕ್ಕೆ ಸಾಲದ ಖಾತರಿ ಕೊಡುವ ಕಾಯ್ದೆ ಬಂತು. ಕಾಯ್ದೆಯಲ್ಲಿ ಬಣ್ಣದ ಪ್ರಸ್ತಾಪವೇ ಇರಲಿಲ್ಲ. ಜಾರಿ ಮಾತ್ರ ಊರೂರಿನ ಅಧಿಕಾರಿ ಮತ್ತು ಬ್ಯಾಂಕುಗಳ ಕೈಯಲ್ಲಿತ್ತು. ಮಿಸಿಸಿಪ್ಪಿ ರಾಜ್ಯದ 13 ನಗರಗಳಲ್ಲಿ 1947ರಲ್ಲಿ ಹೀಗೆ ಖಾತರಿ ಸಿಕ್ಕ 3,229 ಸಾಲಗಳಲ್ಲಿ ಕಪ್ಪು ಸೈನಿಕರ ಪಾಲಿಗೆ ಬಂದದ್ದು ಎರಡು. ಎರಡು ಸಾವಿರವಲ್ಲ, ಎರಡು.

ಮನೆಯೇ ಮಧ್ಯಮವರ್ಗದ ಆಸ್ತಿ. ಅಪ್ಪನ ಮನೆ ಮಗನ ಕಾಲೇಜು ಫೀಜಾಗುತ್ತದೆ, ಮೊಮ್ಮಗನ ಅಂಗಡಿಯ ಬಂಡವಾಳವಾಗುತ್ತದೆ. 2022ರ ಸಮೀಕ್ಷೆಯ ಪ್ರಕಾರ ಅಮೆರಿಕದ ನಡುಮಟ್ಟದ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಇವತ್ತು ಬ್ಯಾಂಕಿನಲ್ಲಿ ಕುಳಿತ ಗುಮಾಸ್ತ ಸಜ್ಜನನೇ ಇರಬಹುದು. ಅವನು ಯಾರನ್ನೂ ದ್ವೇಷಿಸಬೇಕಾಗಿಲ್ಲ. ಕಾಗದ ನೋಡಿ ಸಾಲ ಕೊಟ್ಟರೆ ಸಾಕು, ಅಜ್ಜನ ಕಾಲದ ದ್ವೇಷ ತನ್ನಷ್ಟಕ್ಕೆ ತಾನೇ ಮುಂದುವರಿಯುತ್ತದೆ. ವ್ಯವಸ್ಥೆಯೊಳಗಿನ ಜನಾಂಗಭೇದ ಎಂದರೆ ಇದು.

ಈಗ ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿಯಿರಿ. ಮಹಾಗಾಂವ ಕ್ರಾಸ್ ದಾಟಿ ಕಮಲಾಪುರದ ಕಡೆ ಹೋಗುವಾಗ ರಸ್ತೆಯ ಆಚೀಚೆ ಗುಡ್ಡದ ಮಗ್ಗುಲಿಗೆ ಲಂಬಾಣಿ ತಾಂಡಾಗಳಿವೆ. ಜನ ತಲೆಮಾರುಗಳಿಂದ ಇದ್ದಾರೆ, ಓಟು ಹಾಕಿದ್ದಾರೆ, ಅವರ ಮಕ್ಕಳು ಮುಂಬೈ, ಪುಣೆಗಳ ಕಟ್ಟಡಗಳಿಗೆ ಇಟ್ಟಿಗೆ ಹೊತ್ತಿದ್ದಾರೆ. ಆದರೆ ನಮ್ಮ ಭಾಗದ ನೂರಾರು ತಾಂಡಾಗಳು ಕಂದಾಯ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ. ಮನೆ ನಿಂತ ನೆಲ ಸರ್ಕಾರದ್ದೋ ಅರಣ್ಯದ್ದೋ ಬೇರೊಬ್ಬನ ಪಟ್ಟಾದ್ದೋ ಆಗಿತ್ತು. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ಬಂದು ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಸಮಾರಂಭ ನಡೆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆಯಿಲ್ಲದ ಜನವಸತಿಗಳು ಆಗ ಕಂದಾಯ ಗ್ರಾಮಗಳಾದವು. ಅಮೋಘವರ್ಷನ ರಾಜಧಾನಿಯಾಗಿದ್ದ ಊರಿನಲ್ಲಿ, ಗಣರಾಜ್ಯವಾಗಿ ಎಪ್ಪತ್ಮೂರು ವರ್ಷ ತುಂಬುತ್ತಿದ್ದಾಗ, ಜನ ತಾವು ಇದ್ದ ಜಾಗದಲ್ಲೇ ಇದ್ದೇವೆ ಎಂಬುದಕ್ಕೆ ಕಾಗದ ಪಡೆದರು. ಒಳ್ಳೆಯ ಕೆಲಸ, ಯಾರು ಮಾಡಿದರೂ ಒಳ್ಳೆಯದೇ. ನನ್ನ ಪ್ರಶ್ನೆ ಅದಕ್ಕೆ ಮೊದಲಿನ ಎಪ್ಪತ್ತು ವರ್ಷಗಳದ್ದು. ಹಕ್ಕುಪತ್ರವಿಲ್ಲ ಎಂದರೆ ಜಾಮೀನಿಲ್ಲ, ಜಾಮೀನಿಲ್ಲ ಎಂದರೆ ಬ್ಯಾಂಕಿಲ್ಲ, ಬ್ಯಾಂಕಿಲ್ಲ ಎಂದರೆ ಗುತ್ತಿಗೆದಾರನ ಮುಂಗಡ. ಅಮೆರಿಕದವರು ನಕ್ಷೆಗೆ ಕೆಂಪು ಹಚ್ಚಿದರು. ನಾವು ನಕ್ಷೆಯಲ್ಲೇ ಹಾಕಲಿಲ್ಲ.

ಬ್ಯಾಂಕು ಜಾತಿ ನೋಡಿ ಸಾಲ ನಿರಾಕರಿಸುವುದಿಲ್ಲ, ನಿಜ. ಅದು ಪಹಣಿ ನೋಡಿ ನಿರಾಕರಿಸುತ್ತದೆ. ಪಹಣಿಯಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂಬುದನ್ನು ಜಾತಿ ಎಂದೋ ತೀರ್ಮಾನಿಸಿ ಆಗಿದೆ.

ಕಮಲಾಪುರದ ಕೆಂಪು ಬಾಳೆಯನ್ನೇ ತೆಗೆದುಕೊಳ್ಳಿ. ಜಿಐ ಟ್ಯಾಗ್ ಪಡೆದ ಹಣ್ಣು, ಕಲಬುರಗಿಯ ಬಂಡಿಗಳಲ್ಲೂ ಸಾದಾ ಬಾಳೆಗಿಂತ ಹೆಚ್ಚಿನ ದರಕ್ಕೆ ಹೋಗುತ್ತದೆ, ನಮಗೆಲ್ಲ ಅದರ ಹೆಮ್ಮೆ. ಬೆಳೆಯಲು ಏನು ಬೇಕು? ನೀರಿರುವ ನೆಲ ಬೇಕು. ಬಾವಿಯೋ ಬೋರ್‌ವೆಲ್ಲೋ ತೆಗೆಸುವ ತಾಕತ್ತು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕಾಯುವ ಶಕ್ತಿ ಬೇಕು, ಏಕೆಂದರೆ ಇದು ಬೇರೆ ಬಾಳೆಗಳಂತೆ ವರ್ಷದೊಳಗೆ ಕೈಗೆ ಬರುವುದಿಲ್ಲ, ಗೊನೆ ಕಡಿಯಲು ಸುಮಾರು ಒಂದೂವರೆ ವರ್ಷ ಹಿಡಿಯುತ್ತದೆ. ಅಷ್ಟು ದಿನ ಮನೆ ನಡೆಸಲು ಬೇರೆ ಆದಾಯವಿದ್ದವನು ಬಾಳೆ ಹಚ್ಚುತ್ತಾನೆ. ಶನಿವಾರದ ಕೂಲಿಯಲ್ಲಿ ಸಂತೆ ಮಾಡುವವನು ಹಚ್ಚಲಾರ. ಜಿಐ ಟ್ಯಾಗ್ ಮಣ್ಣಿಗೆ ಬಂದ ಮಾನ, ಆದರೆ ಅದರ ಲಾಭ ಹೋಗುವುದು ಆ ಮಣ್ಣಿನ ಪಹಣಿಯಲ್ಲಿ ಹೆಸರಿದ್ದವನಿಗೆ. ಗೊನೆ ಹೊತ್ತು ಲಾರಿಗೆ ಹಾಕಿದ ಹೆಗಲಿಗೆ ಅಂದಿನ ಕೂಲಿ. ತೋಟದ ಒಡೆಯ ಕೆಟ್ಟವನೆಂದು ಇದರರ್ಥವಲ್ಲ. ಅವನೂ ಬೆವರು ಸುರಿಸಿರುತ್ತಾನೆ. ಆದರೆ ಅವನ ಬೆವರು ಬೀಳಲಿಕ್ಕೆ ಒಂದು ನೆಲವಿತ್ತು.

ಭೂಸುಧಾರಣೆ ಆಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆಯಿತು. ದೇವರಾಜ ಅರಸರ ಕಾಲದ 1974ರ ತಿದ್ದುಪಡಿ ಈ ರಾಜ್ಯ ಕಂಡ ದೊಡ್ಡ ಕೆಲಸಗಳಲ್ಲಿ ಒಂದು. ಆದರೆ 'ಉಳುವವನೇ ನೆಲದೊಡೆಯ' ಎಂಬ ಘೋಷಣೆ ಗೇಣಿದಾರನಿಗೆ ನೆಲ ಕೊಟ್ಟಿತು. ಗೇಣಿಗೂ ನೆಲ ಸಿಗದಿದ್ದ ಕೂಲಿಯವನು ಆ ಲೆಕ್ಕದಲ್ಲಿ ಬರಲೇ ಇಲ್ಲ, ಮತ್ತು ಕೂಲಿಯವರಲ್ಲಿ ಹೆಚ್ಚಿನವರು ಯಾರೆಂದು ಯಾವ ಹಳ್ಳಿಯವರನ್ನು ಕೇಳಿದರೂ ಹೇಳುತ್ತಾರೆ. ಅಮೆರಿಕದಲ್ಲೂ 1935ರ ಸಾಮಾಜಿಕ ಭದ್ರತಾ ಕಾಯ್ದೆ ಹೊಲದಾಳುಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಕಪ್ಪು ದುಡಿಮೆಗಾರರಲ್ಲಿ ಬಹುಪಾಲು ಈ ಎರಡೇ ಕೆಲಸಗಳಲ್ಲಿದ್ದರು. ಅವರ ಕಾಯ್ದೆಯಲ್ಲಿ ಬಣ್ಣ ಇರಲಿಲ್ಲ, ನಮ್ಮದರಲ್ಲಿ ಜಾತಿ ಇರಲಿಲ್ಲ. ಸರ್ಕಾರ ದಲಿತರಿಗೆಂದೇ ಮಂಜೂರು ಮಾಡಿದ ಚೂರುಪಾರು ಭೂಮಿಯೂ ಕೈಜಾರಿ ಹೋಗುತ್ತಿದೆ ಎಂದು ಗೊತ್ತಾಗಿ 1978ರಲ್ಲಿ ಆ ಪರಭಾರೆ ತಡೆಯಲು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು.

ಹಳ್ಳಿಯ ಮಾತು ಬಿಡಿ, ಶಹರದಲ್ಲಿ ಯಾರು ಜಾತಿ ಕೇಳುತ್ತಾರೆ? ಬಾಡಿಗೆ ಮನೆ ಹುಡುಕಿದವರನ್ನು ಕೇಳಬೇಕು. ಸೇಡಂ ರಸ್ತೆ, ಜೇವರ್ಗಿ ರಸ್ತೆಯ ಬಡಾವಣೆಗಳಲ್ಲಿ ಮನೆ ತೋರಿಸುವವರು ಮೊದಲು ಊರು ಕೇಳುತ್ತಾರೆ. ಆಮೇಲೆ 'ಅಡ್ಡಹೆಸರೇನ್ರೀ?' ಅದರಲ್ಲೂ ಗೊತ್ತಾಗದಿದ್ದರೆ 'ಯಾರ ಪೈಕಿ ಆಗ್ತೀರಿ?' ಅದನ್ನೂ ಕೇಳಲು ಸಂಕೋಚವಾದರೆ ಊಟದ ವಿಚಾರ. ಉತ್ತರ ಹಿಡಿಸದಿದ್ದರೆ ಕೀಲಿ ಕೈಯಲ್ಲೇ ಇಟ್ಟುಕೊಂಡು 'ನಿನ್ನೇನೇ ಬ್ಯಾರೇದವ್ರಿಗೆ ಮಾತು ಕೊಟ್ಟೀವ್ರೀ' ಎನ್ನುತ್ತಾರೆ, ಬಹಳ ವಿನಯದಿಂದ, ಕೆಲವೊಮ್ಮೆ ಚಹಾ ಕುಡಿಸಿ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಸ್ಪೃಶ್ಯತೆಯ ಕಾರಣಕ್ಕೆ ಮನೆ ನಿರಾಕರಿಸುವುದನ್ನೂ ಅಪರಾಧವೆನ್ನುತ್ತದೆ. ಆದರೆ ಮನೆ ಖಾಲಿಯಿಲ್ಲ ಎಂಬ ಮಾತನ್ನು ಯಾವ ಠಾಣೆಯಲ್ಲಿ ಬರೆಸುವುದು? ನನ್ನ ಅಡ್ಡಹೆಸರು ಹೇಳಿದಾಗ ಎದುರಿನವರ ಮುಖ ಬಿಗಿಯುವುದಿಲ್ಲ. ಅದಕ್ಕಾಗಿ ನಾನು ಯಾವ ಪರೀಕ್ಷೆಯನ್ನೂ ಪಾಸು ಮಾಡಿಲ್ಲ.

ಅಂದಹಾಗೆ ನಮ್ಮ ಕಡೆ ಬಾಗಿಲು ತೆರೆಸುವ ಅಡ್ಡಹೆಸರುಗಳಲ್ಲಿ ಎಷ್ಟೊಂದು ಹಳೆಯ ಹುದ್ದೆಗಳು. ಪಾಟೀಲ, ಕುಲಕರ್ಣಿ, ದೇಶಮುಖ, ದೇಶಪಾಂಡೆ: ಊರಿನ ಅಧಿಕಾರ, ಊರಿನ ಲೆಕ್ಕ, ಅಪ್ಪನಿಂದ ಮಗನಿಗೆ. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಹುದ್ದೆ ಹೋಯಿತು, ಹೆಸರಿನ ವಜನು ಹೋಗಲಿಲ್ಲ. ಮೀಸಲಾತಿ ಎಂದರೆ ಹುಟ್ಟಿನ ಮೇಲೆ ನೌಕರಿ ಕೊಡುವುದು ಎಂದು ಬೈಯುವವರು ಈ ಹಳೆಯ ಮೀಸಲಾತಿಯನ್ನು ಮರೆಯುವುದುಂಟು.

ಹೆಸರಿನ ವಜನನ್ನು ತೂಗಿ ನೋಡಿದವರೂ ಇದ್ದಾರೆ. ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು ಒಂದೇ ಬಗೆಯ ಅರ್ಹತೆಯ ನೌಕರಿ ಅರ್ಜಿಗಳಿಗೆ ಬಿಳಿಯರ ಹೆಸರನ್ನೂ ಕಪ್ಪುಜನರ ಹೆಸರನ್ನೂ ಹಾಕಿ ಕಳಿಸಿದರು. 2004ರಲ್ಲಿ ಬಂದ ಫಲಿತಾಂಶ: ಬಿಳಿ ಹೆಸರಿಗೆ ಶೇ 50ರಷ್ಟು ಹೆಚ್ಚು ಕರೆ. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಇದನ್ನೇ ನಮ್ಮ ದೇಶದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಮಾಡಿ 2007ರಲ್ಲಿ ಪ್ರಕಟಿಸಿದರು. ಅದೇ ಡಿಗ್ರಿ, ಅದೇ ಅನುಭವ. ದಲಿತ ಅಡ್ಡಹೆಸರಿಗೆ ಸಂದರ್ಶನದ ಕರೆ ಬರುವ ಸಂಭವ ಮೇಲ್ಜಾತಿಯ ಹೆಸರಿನ ಮೂರರಲ್ಲಿ ಎರಡು ಪಾಲಿನಷ್ಟೇ. ಆ ಕಚೇರಿಗಳಲ್ಲೂ ಗೋಡೆಯ ಮೇಲೆ ಮೆರಿಟ್ ಬಗ್ಗೆ ಒಂದು ಸುಭಾಷಿತ ತೂಗುಹಾಕಿರಬಹುದು.

ಮೆರಿಟ್ ಮಾತು ಬಂತೆಂದು ಹೇಳುತ್ತೇನೆ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಮರುವರ್ಷ ಹೊರಬಿದ್ದ ಹಗರಣದ ಎಳೆ ಮೊದಲು ಸಿಕ್ಕಿದ್ದು ಕಲಬುರಗಿಯ ಪರೀಕ್ಷಾ ಕೇಂದ್ರವೊಂದರಲ್ಲಿ. ಖಾಲಿ ಬಿಟ್ಟ ಒಎಂಆರ್ ಹಾಳೆಗಳನ್ನು ಆಮೇಲೆ ತುಂಬಿದ್ದರು ಎಂಬುದು ಆರೋಪ. ಕೊನೆಗೆ ಇಡೀ ಆಯ್ಕೆಯನ್ನೇ ಸರ್ಕಾರ ರದ್ದು ಮಾಡಿತು. ಅದರಲ್ಲಿ ಸಿಕ್ಕಿಬಿದ್ದವರು ಇಂಥದೇ ಜಾತಿಯವರೆಂದು ನಾನು ಹೇಳುತ್ತಿಲ್ಲ. ನಾನು ಗಮನಿಸಿದ್ದು ಇಷ್ಟೇ: ದುಡ್ಡಿದ್ದವರ ಮಕ್ಕಳೆಲ್ಲ ಅನರ್ಹರು ಎಂದು ಆಮೇಲೂ ಯಾರೂ ತೀರ್ಪು ಕೊಡಲಿಲ್ಲ. ಮೀಸಲಾತಿಯಲ್ಲಿ ಬಂದ ಒಬ್ಬ ವೈದ್ಯ ಒಂದು ಔಷಧಿ ತಪ್ಪಿ ಬರೆದರೆ ಸಾಕು, ಇಡೀ ಜನಾಂಗ ಕಟಕಟೆಗೆ ಬರುತ್ತದೆ. ತಪ್ಪು ಮಾಡಿದಾಗಲೂ ಬರೀ ವ್ಯಕ್ತಿಯಾಗಿ ಉಳಿಯುವುದು ದೊಡ್ಡ ಸವಲತ್ತು.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ನಾನು ಗೌರವಿಸುವುದು ಒಂದನ್ನು. ಎರಡೆಕರೆ ಒಣಭೂಮಿಯಲ್ಲಿ ತೊಗರಿ ಬಿತ್ತಿ, ಮಳೆ ಕೈಕೊಟ್ಟು, ದರ ಬಿದ್ದು, ಸಾಲದಲ್ಲಿ ಕೊರಗುವ ಮೇಲ್ಜಾತಿಯ ರೈತನಿಗೆ ಎಲ್ಲಿಯ ಸವಲತ್ತು? ಅವನ ಸಂಕಟ ಸುಳ್ಳಲ್ಲ. ಈ ಜಿಲ್ಲೆಯಲ್ಲಿ ಅಂಥವರ ಶವದ ಮುಂದೆ ಕೂತು ಸಿದ್ಧಾಂತ ಹೇಳುವವನಿಗೆ ಕರುಳಿಲ್ಲ. ಅಮೆರಿಕದ ಕಲ್ಲಿದ್ದಲ ಗಣಿಗಳ ಬಡ ಬಿಳಿಯನದೂ ಇದೇ ಪ್ರಶ್ನೆ. ಕಪ್ಪು ಚಿಂತಕ ಡುಬೊಯ್ಸ್ 1935ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು: ಬಡ ಬಿಳಿ ಕೂಲಿಗೆ ದುಡ್ಡಿನ ಜೊತೆ ಇನ್ನೊಂದು ಕೂಲಿಯೂ ಸಿಗುತ್ತದೆ, ಅದು ಸಾರ್ವಜನಿಕ ಮರ್ಯಾದೆಯ ಕೂಲಿ. ನಮ್ಮ ಎರಡೆಕರೆಯ ರೈತನೂ ಗುಡಿಯ ಒಳಗೆ ಹೋಗುತ್ತಾನೆ. ಅವನು ಕುಡಿದ ಲೋಟವನ್ನು ಯಾರೂ ಬೇರೆ ಇಡುವುದಿಲ್ಲ. ಊರಿನ ಕಿರಾಣಿಯಲ್ಲಿ ಅವನ ಬಾಯಿಮಾತಿನ ಮೇಲೆ ಉದ್ದರಿ ಸಿಗುತ್ತದೆ, ಪಂಚಾಯ್ತಿ ಕಟ್ಟೆಯ ಮೇಲೆ ಕೂಡಲು ಜಾಗ ಸಿಗುತ್ತದೆ. ಅವನ ಬದುಕಿನಲ್ಲಿ ನೂರು ಅಡ್ಡಿಗಳಿರಬಹುದು, ಈ ಒಂದು ಅಡ್ಡಿ ಇಲ್ಲ. ಸವಲತ್ತು ಎಂಬ ಮಾತಿನಿಂದ ಹೇಳುತ್ತಿರುವುದು ಇಷ್ಟನ್ನೇ, ಅವನು ಸುಖವಾಗಿದ್ದಾನೆ ಎಂದಲ್ಲ. ಮರ್ಯಾದೆಯ ಕೂಲಿ ಸಿಗುತ್ತಿದೆ ಎಂಬ ಸಮಾಧಾನದಲ್ಲಿ ದುಡ್ಡಿನ ಕೂಲಿಯನ್ನು ಕೇಳುವುದೇ ಮರೆತದ್ದು ಅವನಿಗೇ ಆದ ನಷ್ಟ.

ಉಳಿದ ಆಕ್ಷೇಪಗಳು ಇಷ್ಟು ಗಟ್ಟಿಯಲ್ಲ. ಬರಾಕ್ ಒಬಾಮ 2008ರಲ್ಲಿ ಗೆದ್ದಾಗ ಅಲ್ಲಿ ವರ್ಣಭೇದ ಮುಗಿಯಿತೆಂದು ಬರೆದರು. ನಮ್ಮಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನು ತೋರಿಸುತ್ತಾರೆ. ಇದೇ ಊರಿನಲ್ಲಿ ಓದಿದವರು, ಒಂಬತ್ತು ಸಲ ಶಾಸಕರು, 2022ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು, ಇನ್ನೇನು ಬೇಕು ಎನ್ನುತ್ತಾರೆ. ಅವರ ರಾಜಕಾರಣ ಒಪ್ಪುವುದು ಬಿಡುವುದು ಬೇರೆ ಮಾತು. 2008ರಲ್ಲಿ ಕ್ಷೇತ್ರ ಮರುವಿಂಗಡಣೆಯಾಗಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಯಿತು. ಅಲ್ಲಿ ಸತತವಾಗಿ ಗೆಲ್ಲುತ್ತ ಬಂದಿದ್ದ ಅವರು ಆ ಸಲ ನಿಂತದ್ದು ಮೀಸಲು ಕ್ಷೇತ್ರವಾದ ಚಿತ್ತಾಪುರದಲ್ಲಿ. ಅವರಂಥವರಿಗೇ ಲೆಕ್ಕ ಹೀಗಿದ್ದರೆ ಉಳಿದವರ ಗತಿ ಊಹಿಸಬಹುದು.

ಇನ್ನೊಂದು, ನಮ್ಮದು ಶರಣರ ನಾಡು ಎಂಬ ಮಾತು. ಕಮಲಾಪುರದ ಇದೇ ರಸ್ತೆ ಮುಂದೆ ಹುಮನಾಬಾದ್ ದಾಟಿ ಬಸವಕಲ್ಯಾಣದ ಕಡೆ ತಿರುಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ ಮಧುವಯ್ಯರ ಮನೆಗಳ ನಡುವೆ ಮದುವೆ ಆದದ್ದೂ ಅಲ್ಲೇ, ಅದಕ್ಕೆ ಅವರು ಪ್ರಾಣ ತೆತ್ತದ್ದೂ ಅಲ್ಲೇ. 2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರು ಬದಲಿಸಿ ಕಲ್ಯಾಣ ಕರ್ನಾಟಕ ಎಂದಿಟ್ಟೆವು. ಅಮೆರಿಕದವರಿಗೆ ಲಿಂಕನ್, ಕಿಂಗ್ ಹೇಗೋ ನಮಗೆ ಶರಣರು ಹಾಗೆ. ಹೆಸರು ಹೇಳಿಬಿಟ್ಟರೆ ಲೆಕ್ಕ ಚುಕ್ತಾ. ಬಸವ ಜಯಂತಿಯ ಮೆರವಣಿಗೆಯಲ್ಲಿ ಕುಣಿದ ಮನೆಯಲ್ಲೇ ಮಗಳು ಕೇರಿಯ ಹುಡುಗನ ಹೆಸರೆತ್ತಿದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಕಡಲಾಚೆಗೆ ಹೋದ ನಮ್ಮವರ ವಿಷಯ ಇನ್ನೂ ಸ್ವಾರಸ್ಯದ್ದು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಪೌರತ್ವಕ್ಕಾಗಿ ನಿಂತರು. ಆಗಿನ ಕಾನೂನಿನಂತೆ ವಲಸೆ ಬಂದವರಲ್ಲಿ ಬಿಳಿಯರಿಗೂ ಆಫ್ರಿಕಾ ಮೂಲದವರಿಗೂ ಮಾತ್ರ ಪೌರತ್ವ. ಥಿಂಡ್ ಕಡೆಯವರ ವಾದವೇನು ಗೊತ್ತೇ? ತಾವು ಮೇಲ್ಜಾತಿಯ ಆರ್ಯರು, ಆದ್ದರಿಂದ ಬಿಳಿಯರೇ. ಅಮೆರಿಕದ ಬಿಳಿಯ ಕಪ್ಪುಜನರನ್ನು ಕಾಣುವ ಹಾಗೆಯೇ ಮೇಲ್ಜಾತಿಯವ ಭಾರತದ ಮೂಲನಿವಾಸಿಗಳನ್ನು ಕಾಣುತ್ತಾನೆ. ಕೋರ್ಟು ಒಪ್ಪಲಿಲ್ಲ. ಜಾತಿಗೂ ಬಣ್ಣಕ್ಕೂ ಸಂಬಂಧವಿಲ್ಲ ಎಂದು ಇಂದು ಹೇಳುವವರು ಈ ಕಡತ ಓದಬೇಕು. ಅತ್ತ ಜೋತಿಬಾ ಫುಲೆ 1873ರಲ್ಲೇ ತಮ್ಮ 'ಗುಲಾಮಗಿರಿ'ಯನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. 1946ರಲ್ಲಿ ಅಂಬೇಡ್ಕರ್ ಡುಬೊಯ್ಸ್‌ಗೆ ಪತ್ರ ಬರೆದರು. ನೊಂದವರಿಗೆ ಹೋಲಿಕೆ ತಟ್ಟನೆ ಹೊಳೆದಿತ್ತು. ಅನುಕೂಲಸ್ಥರಿಗೂ ಹೊಳೆದಿತ್ತು, ಬೇರೆ ಉದ್ದೇಶಕ್ಕೆ.

1965ರ ವಲಸೆ ಕಾನೂನು ಓದಿದವರಿಗೆ, ವೃತ್ತಿಪರರಿಗೆ ಬಾಗಿಲು ತೆರೆಯಿತು. ನಮ್ಮಲ್ಲಿ ಅಷ್ಟು ಹೊತ್ತಿಗೆ ಎಂಜಿನಿಯರು, ಡಾಕ್ಟರುಗಳಾಗಿದ್ದವರು ಯಾರ ಮನೆಯವರು ಎಂಬುದು ಗುಟ್ಟಲ್ಲ. ಅಲ್ಲಿ ಅವರು ಬಿಳಿಯ ಸಹೋದ್ಯೋಗಿಯ ಕಿರುನಗೆಯಲ್ಲಿರುವ ತಾತ್ಸಾರವನ್ನೂ ಬಡ್ತಿಯಲ್ಲಾದ ಮೋಸವನ್ನೂ ಕೂಡಲೇ ಗುರುತಿಸುತ್ತಾರೆ. ಸರಿಯಾಗಿಯೇ ಗುರುತಿಸುತ್ತಾರೆ. ಆದರೆ 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ದಲಿತ ಎಂಜಿನಿಯರನೊಬ್ಬನಿಗೆ ಮೇಲ್ಜಾತಿಯ ಮೇಲಧಿಕಾರಿಗಳು ಭೇದ ಮಾಡಿದರೆಂದು ಸಿಸ್ಕೊ ಕಂಪನಿಯ ಮೇಲೆ ಮೊಕದ್ದಮೆ ಹೂಡಿದಾಗ, 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಜಾತಿಭೇದವನ್ನು ನಿಷೇಧಿಸಿದಾಗ, ಅವರಲ್ಲಿ ಬಹಳ ಮಂದಿಗೆ ಅದು ತಮ್ಮ ಮೇಲಿನ ದಾಳಿಯಂತೆ ಕಂಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಅಂಥದೇ ಮಸೂದೆಗೆ ರಾಜ್ಯಪಾಲರು ಸಹಿ ಹಾಕಲಿಲ್ಲ. ಬೆಂಗಳೂರಿನ ಮುಂದೆ ಕಲಬುರಗಿಯವರು ನಿಂತ ಹಾಗೆಯೇ ಬಿಳಿಯರ ಮುಂದೆ ಇವರು ನಿಂತಿದ್ದಾರೆ. ಮೇಲೆ ನೋಡುವಾಗ ಕಣ್ಣು ಚುರುಕು.

ಹೋಲಿಕೆ ಪೂರ್ತಿ ಹೊಂದುವುದಿಲ್ಲ ಎಂಬುದೂ ನಿಜ. ಅಲ್ಲಿ ಮೈಬಣ್ಣ ದೂರದಿಂದಲೇ ಕಾಣುತ್ತದೆ, ಇಲ್ಲಿ ಕೇಳಿ ತಿಳಿಯಬೇಕು. ಅಲ್ಲಿ ಗೆರೆ ಬಹುತೇಕ ಒಂದು. ಇಲ್ಲಿ ಅಂಬೇಡ್ಕರ್ ತೋರಿಸಿದ ಹಾಗೆ ಶ್ರೇಣಿಯ ಮೇಲೆ ಶ್ರೇಣಿ, ಪ್ರತಿಯೊಬ್ಬರ ಕೆಳಗೂ ಇನ್ನೊಬ್ಬರು. ಪರಿಶಿಷ್ಟ ಜಾತಿಗಳ ಒಳಗೂ ಈ ಲೆಕ್ಕ ಇದೆ ಎಂದು ಮಾದಿಗ ಸಮುದಾಯ ದಶಕಗಳಿಂದ ಹೇಳುತ್ತ ಬಂತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟ ಮೇಲೆ 2025ರಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಗಳ ಶೇ 17ರ ಮೀಸಲಾತಿಯನ್ನು ಮೂರು ಗುಂಪುಗಳಿಗೆ 6, 6, 5 ಎಂದು ಹಂಚಿತು. ಆಗ ಇದೇ ಲಂಬಾಣಿಗರು ತಮಗೆ ಅನ್ಯಾಯವಾಯಿತೆಂದು ಬೀದಿಗಿಳಿದರು, ಅಲೆಮಾರಿಗಳು ತಮ್ಮನ್ನು ದೊಡ್ಡವರ ಜೊತೆ ಸೇರಿಸಿದರೆಂದು ಅತ್ತರು. ತನ್ನ ಕೆಳಗಿನ ಮೆಟ್ಟಿಲನ್ನು ನೋಡಲು ಯಾರಿಗೂ ಸುಲಭವಿಲ್ಲ. ಹಾಗೆಂದು ಎಲ್ಲರೂ ಸಮಾನ ತಪ್ಪಿತಸ್ಥರು ಎಂದು ಕೈತೊಳೆದುಕೊಳ್ಳುವುದು ಮೇಲಿನ ಮೆಟ್ಟಿಲಿನವರ ಜಾಣತನ.

2024ರ ಜನವರಿಯಲ್ಲಿ ಕಲಬುರಗಿಯ ಕೋಟನೂರಿನಲ್ಲಿ ಅಂಬೇಡ್ಕರ್ ಪ್ರತಿಮೆಗೆ ಅವಮಾನ ಮಾಡಿದಾಗ ಊರು ಕುದಿಯಿತು, ರಸ್ತೆ ತಡೆ ನಡೆಯಿತು, ಬಂಧನಗಳಾದವು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತಾಗ ಅಮೆರಿಕವೂ ಕುದಿದಿತ್ತು. ಕುದಿಯಬೇಕಾದದ್ದೇ. ಆದರೆ ಪಹಣಿ, ಬಾಡಿಗೆ ಕರಾರು, ಸಂದರ್ಶನದ ಪಟ್ಟಿ ಇವುಗಳ ಮುಂದೆ ಯಾರೂ ಟೈರು ಸುಡುವುದಿಲ್ಲ. ಸುಟ್ಟು ಪ್ರಯೋಜನವೂ ಇಲ್ಲ. ಅವುಗಳನ್ನು ತೆರೆದು ಲೆಕ್ಕ ಇಡಬೇಕು.

ಲೆಕ್ಕದ ವಿಷಯದಲ್ಲಿ ಅಮೆರಿಕದವರಿಂದ ಕಲಿಯುವುದಿದೆ. ಇಷ್ಟೆಲ್ಲ ಅನ್ಯಾಯವಿರುವ ಆ ದೇಶದಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಖಾಸಗಿ ಕಂಪನಿಗಳು ತಮ್ಮಲ್ಲಿ ಯಾವ ಜನಾಂಗದವರು ಯಾವ ಹುದ್ದೆಯಲ್ಲಿ ಎಷ್ಟಿದ್ದಾರೆಂದು 1966ರಿಂದ ಸರ್ಕಾರಕ್ಕೆ ವರದಿ ಕೊಡುತ್ತ ಬಂದಿವೆ. ಕಲಬುರಗಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ನಾಲ್ವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ಇಲ್ಲಿಯ ಖಾಸಗಿ ಆಸ್ಪತ್ರೆಯ ವೈದ್ಯರಲ್ಲಿ, ಖಾಸಗಿ ಕಾಲೇಜಿನ ಅಧ್ಯಾಪಕರಲ್ಲಿ, ಸಿಮೆಂಟ್ ಕಾರ್ಖಾನೆಯ ಮ್ಯಾನೇಜರುಗಳಲ್ಲಿ ಅವರು ಎಷ್ಟು? ಕಸ ಗುಡಿಸುವವರಲ್ಲಿ ಎಷ್ಟು? ಯಾವ ಸಂಸ್ಥೆಯೂ ಹೇಳಬೇಕಾಗಿಲ್ಲ, ಹೇಳೆಂದು ಯಾರೂ ಕೇಳುವುದಿಲ್ಲ. 371ಜೆ ಅಡಿಯಲ್ಲಿ ಬರುವ ಸೀಟು, ಅನುದಾನಗಳಲ್ಲಿ ಬೆಳೆದಿರುವ ನಮ್ಮ ದೊಡ್ಡ ಶಿಕ್ಷಣ ಸಂಸ್ಥೆಗಳೇ ಮೊದಲು ಈ ಪಟ್ಟಿಯನ್ನು ಜಗತ್ ವೃತ್ತದ ಪತ್ರಿಕೆ ಅಂಗಡಿಯಲ್ಲಿ ಯಾರು ಬೇಕಾದರೂ ಓದುವ ಹಾಗೆ ಪ್ರಕಟಿಸಲಿ. ಬೆಂಗಳೂರಿನಿಂದ ತಾಲ್ಲೂಕುವಾರು ಲೆಕ್ಕ ಕೇಳಿ ಪಡೆದವರು ನಾವು; ಜಾತಿವಾರು ಲೆಕ್ಕ ಕೊಡುವ ಸರದಿ ನಮ್ಮದು.